ಮೂರನೇ ಗೇರು

ಮೂರನೇ ಗೇರಿನಲ್ಲಿ, ಆಕ್ಸಿಲರೇಟರ್ ಅರ್ಧಕ್ಕೆ ಇಳಿದಾಗ, ಕಾರು ಎಡವಿತು.

ಎಡವಿದ್ದು ಒಂದೇ ಕ್ಷಣ. ಕಾರಿನ ಒಡತಿ, ಪಕ್ಕದ ಮನೆಯ ಟೀಚರಿಗೆ, ಅದು ಗೊತ್ತೂ ಆಗಿರಲಿಕ್ಕಿಲ್ಲ. ಸ್ಟಿಯರಿಂಗ್ ಹಿಡಿದಿದ್ದ ಅವಳಿಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಕಾಲೆತ್ತಿ ಮತ್ತೆ ಒತ್ತಿದಳು. ಮತ್ತೆ ಎಡವಿತು.

“ಮೂರನೇ ಗೇರಾ, ನಾಲ್ಕಾ?” ಪಕ್ಕದ ಸೀಟಿನಿಂದ ಗಂಡ ಕೇಳಿದ.

“ಮೂರು.”

“ಹಾಗಾದ್ರೆ ಮೇಸ್ತ್ರಿ.” ಅವನು ನಿಟ್ಟುಸಿರು ಬಿಟ್ಟ. “ಬೇಲಿನೇ ಎದ್ದು ಹೊಲ ಮೇಯ್ತು ನೋಡು.”

ಅವಳು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಕೊಟ್ಟು ಅತ್ತಳು. ಕಳ್ಳ ಹೊರಗಿನವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಕಣ್ಣು ಮುಚ್ಚಿ ನಂಬಿದವರೇ ಕತ್ತು ಕೊಯ್ದರೆ ಯಾರಿಗೆ ಹೇಳುವುದು? ಗಂಡ ಬೆನ್ನು ಸವರಿದ. ಅವಳು ಸರಿದು ಕೂತಳು.

ಅವಳ ಕಸುಬು, ಮನೆಮಂದಿ ಓಡಿಸುವ ಸಾಧಾರಣ ಕಾರುಗಳ ಆಕಳಿಕೆ ಬಿಡಿಸುವುದು. ಅಂಥ ಕಾರುಗಳಲ್ಲಿ ಕಾಲು ಒತ್ತಿದ ಮೇಲೂ ಎಂಜಿನ್ನು ಒಂದು ಗಳಿಗೆ ಯೋಚಿಸುತ್ತದೆ, ಹೋಗಲೋ ಬೇಡವೋ ಅಂತ. ಅವಳು ಬರೆದ ಫೈಲನ್ನು ಎಂಜಿನ್ನಿನ ಕಂಪ್ಯೂಟರಿಗೆ ಹಾಕಿದರೆ ಆ ಯೋಚನೆಯೆಲ್ಲ ಬಿಟ್ಟು ಕಾರು ತಟ್ಟನೆ ಎದ್ದು ಹೊರಡುತ್ತಿತ್ತು. ಹದಿನಾಲ್ಕು ತಿಂಗಳ ದುಡಿಮೆ ಅದು. ಅಂಗಡಿ ನಿಂತಿದ್ದೇ ಅದರ ಮೇಲೆ.

ಹಾಗಿರುವಾಗ ಬೀದಿಯ ಆ ತುದಿಯ ಗ್ಯಾರೇಜು ಅದೇ ಫೈಲನ್ನು ಮಾರತೊಡಗಿತು. ಅದರ ಯಜಮಾನ ಹಿಂದೊಮ್ಮೆ “ಎರಡೂ ಅಂಗಡಿ ಸೇರಿಸಿಬಿಡೋಣ” ಅಂತ ಬಂದು ಹೋಗಿದ್ದವನು. ಗಂಡ ಹೂಂ ಅಂದಿದ್ದ. ಮೇಸ್ತ್ರಿ ಬೇಡ ಅಂದಿದ್ದರು. ಅವಳು ಮೇಸ್ತ್ರಿಯ ಮಾತು ಕೇಳಿದ್ದಳು.

ಅಂಗಡಿಯಲ್ಲಿ ಫೈಲು ಮುಟ್ಟುತ್ತಿದ್ದವರು ಇಬ್ಬರೇ. ಒಬ್ಬರು ಮೇಸ್ತ್ರಿ. ಅವಳಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು, ಈಗ ಗಿರಾಕಿಗಳ ಕಾರುಗಳಿಗೆ ಫೈಲು ಹಾಕುವವರು. ಇನ್ನೊಬ್ಬ ಮೈದುನ. ಅಂಗಡಿಯ ಸ್ವಂತ ಕಾರಿನಲ್ಲಿ ಪರೀಕ್ಷೆಗೆ ಓಡಿಸುವವನು, ಬಾಯಿಬಡುಕ.

ಉಪಾಯ ಹೇಳಿದ್ದು ಗಂಡ. “ಇಬ್ಬರ ಫೈಲಿಗೂ ಒಂದೊಂದು ಸಣ್ಣ ಐಬು ಇಟ್ಟು ಕೊಡು. ಆ ತುದಿಯ ಗ್ಯಾರೇಜಿನ ಕಾರು ಹೇಗೆ ಎಡವುತ್ತೆ ನೋಡಿದ್ರೆ ಕಳ್ಳ ಯಾರು ಅಂತ ಗೊತ್ತಾಗುತ್ತೆ. ನನ್ನ ತಮ್ಮ ಅಂತ ಬಿಡಬೇಡ ಮತ್ತೆ.”

ಭಾನುವಾರ ಮಧ್ಯಾಹ್ನ ಊಟ ಆರಿಹೋಗುವವರೆಗೆ ಮನೆಯ ಕಂಪ್ಯೂಟರಿನ ಮುಂದೆ ಇಬ್ಬರೂ ಕೂತರು. ಮೇಸ್ತ್ರಿಯದು ಮೂರನೇ ಗೇರಿನಲ್ಲಿ ಎಡವಬೇಕು, ಮೈದುನನದು ನಾಲ್ಕರಲ್ಲಿ. ಗಂಡ ಚೀಟಿಯಲ್ಲಿ ಬರೆದಿಟ್ಟುಕೊಂಡ.

ಸೋಮವಾರ ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ತೆಗೆಯದೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹತ್ತು ನಿಮಿಷ ಕಾರಿನಲ್ಲೇ ಕೂತಿದ್ದಳು. ಆಮೇಲೆ ಇಬ್ಬರ ಕೈಗೂ ಒಂದೊಂದು ಪೆನ್ ಡ್ರೈವ್ ಕೊಟ್ಟಳು. ಹೊಸ ಫೈಲು, ಇನ್ನು ಇದನ್ನೇ ಹಾಕಿ, ಅಂದಳು.

ಬುಧವಾರವೇ ಮೈದುನ ರಾಗ ತೆಗೆದ. “ಅತ್ತಿಗೆ, ನಾಲ್ಕನೇ ಗೇರಲ್ಲಿ ಕಾರು ಬಿಕ್ಕಳಿಸುತ್ತೆ. ನೀರು ಕುಡಿಸ್ಲಾ?”

ಮೇಸ್ತ್ರಿ ಆ ವಾರ ಆರು ಕಾರುಗಳಿಗೆ ಫೈಲು ಹಾಕಿದರು. ತುಟಿ ಪಿಟಕ್ಕೆನ್ನಲಿಲ್ಲ.

“ನೋಡಿದ್ಯಾ?” ಗಂಡ ಅಂದಿದ್ದ. “ನಲವತ್ತು ವರ್ಷ ಪಳಗಿದ ಕೈ. ಎಡವಿದ್ದು ಗೊತ್ತಾಗಲ್ವಾ? ಗೊತ್ತಾಗಿಯೂ ಸುಮ್ಮನಿದ್ದಾರೆ.” ಶನಿವಾರ ಟೀಚರು ಆ ಗ್ಯಾರೇಜಿನಲ್ಲಿ ಫೈಲು ಹಾಕಿಸಿದ ಸುದ್ದಿ ತಂದವನೂ ಅವನೇ, ಹೋಗಿ ಕಾರಿನ ಕೀ ಕೇಳಿ ತಂದವನೂ ಅವನೇ.

ರಸ್ತೆ ಬದಿಯ ಕಾರಿನಲ್ಲಿ ಅವಳು ಕಣ್ಣೊರೆಸಿಕೊಂಡಳು. “ಇವತ್ತೇ ಮುಗಿಸಿಬಿಡ್ತೀನಿ.”

“ಮನಸ್ಸು ಗಟ್ಟಿ ಮಾಡ್ಕೋ,” ಅಂದ ಗಂಡ.

“ಮಾಡ್ಕೊಂಡೆ.”

ಅಂಗಡಿಯಲ್ಲಿ ಅವಳು ಬಾಯಿ ತೆಗೆಯುವ ಮೊದಲೇ ಗಂಡ ಶುರುಮಾಡಿದ. ಉಂಡ ಮನೆಗೆ ಎರಡು ಬಗೆದಿರಲ್ಲ, ನಾಚಿಕೆಯಾಗಲ್ವಾ, ಅಂದ. ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ಬಿಳಿಚಿತು. ಕೈಯಲ್ಲಿದ್ದ ಗ್ರೀಸಿನ ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟು ಅವಳತ್ತ ತಿರುಗಿದರು.

“ನೀನೂ ಹಾಗೇ ಅಂದ್ಕೊಂಡಿದೀಯಾ, ಮಗಳೇ?”

ಅವಳು ಅವರ ಮುಖ ನೋಡಲಿಲ್ಲ. ನೋಡಿದರೆ ಅಲ್ಲೇ ಅತ್ತುಬಿಡುತ್ತಿದ್ದಳು. “ನಿಮ್ಮ ಪೆನ್ ಡ್ರೈವ್ ಕೊಡಿ, ಮೇಸ್ತ್ರಿ.”

ಅವರು ಅಂಗಿಯ ಜೇಬಿನಿಂದ ತೆಗೆದುಕೊಟ್ಟರು. ಎಲ್ಲರೆದುರೇ ಅವಳು ಅದರಲ್ಲಿದ್ದ ಫೈಲನ್ನು ಅಂಗಡಿಯ ಕಾರಿಗೆ ಹಾಕಿದಳು. ಕೀಯನ್ನು ಗಂಡನಿಗೆ ಚಾಚಿದಳು.

“ನೀವೇ ಓಡಿಸಿ. ಕಳ್ಳತನ ಎಲ್ಲರ ಮುಂದೆ ಸಾಬೀತಾಗಲಿ.”

ಅವನು ಉತ್ಸಾಹದಿಂದಲೇ ಹತ್ತಿದ. ಪಕ್ಕದಲ್ಲಿ ಅವಳು, ಹಿಂದೆ ಮೇಸ್ತ್ರಿ ಮತ್ತು ಮೈದುನ. ಬೀದಿ ದಾಟಿ ಕಾರು ದೊಡ್ಡ ರಸ್ತೆಗೆ ಬಂತು. ಮೂರನೇ ಗೇರು. ಅವನು ಅರ್ಧ ಒತ್ತಿದ.

ಕಾರು ಸರಾಗವಾಗಿ ಮುಂದೆ ಹೋಯಿತು.

ಕಾಲೆತ್ತಿ ಮತ್ತೆ ಒತ್ತಿದ. ಮೆಲ್ಲಗೆ ಒತ್ತಿದ, ಜೋರಾಗಿ ಒತ್ತಿದ, ಗೇರು ಇಳಿಸಿ ಏರಿಸಿ ಒತ್ತಿದ. ಐದನೇ ಸಲಕ್ಕೆ ಅವನ ಕತ್ತು ಬೆವರಿತ್ತು.

“ಎಷ್ಟು ಒತ್ತಿದ್ರೂ ಎಡವಲ್ಲ ರೀ,” ಅಂದಳು ಅವಳು. “ಮೇಸ್ತ್ರಿಗೆ ಐಬಿನ ಫೈಲು ಕೊಡೋಕೆ ನಂಗೆ ಮನಸ್ಸೇ ಬರಲಿಲ್ಲ, ಸೋಮವಾರ ಕಾರಲ್ಲೇ ಕೂತು ಅದನ್ನ ಅಳಿಸಿ ಒಳ್ಳೇದನ್ನೇ ಹಾಕಿಕೊಟ್ಟೆ, ಮೂರನೇ ಗೇರಲ್ಲಿ ಎಡವೋ ಫೈಲು ಉಳಿದಿದ್ದು ನಮ್ಮ ಮನೆ ಕಂಪ್ಯೂಟರಲ್ಲಿ ಮಾತ್ರ.”