ದೊಡ್ಡ ಪುಟ

ಮಸಗುಪ್ಪಿಯ ಪಂಪ್‌ಹೌಸಿನಲ್ಲಿ ಹೊಸ ಬೋರ್ಡಿಗೆ ಕರೆಂಟು ಕೊಟ್ಟಾಗ ಅದರೊಳಗಿನ ಎರಡನೇ ಕಂಪ್ಯೂಟರು ಏಳಲೇ ಇಲ್ಲ. ಬೋರ್ಡು ಒಂದೇ; ಅದರಲ್ಲೇ ಎರಡು ಕಂಪ್ಯೂಟರು ಇದ್ದಂತೆ ನಡೆಸುವ ಏರ್ಪಾಡು. ಮೊದಲನೆಯದು ಮೋಟರು ಅತಿ ಬಿಸಿಯಾದರೆ ಬಂದ್ ಮಾಡಬೇಕು. ಎರಡನೆಯದು ಮೊಬೈಲಿಗೆ ಸುದ್ದಿ ಕಳಿಸಬೇಕು.

"ನಿನ್ನೆ ಗೋಕಾಕದಾಗ ಹಳೇ ಬೋರ್ಡಿನ್ಯಾಗ ಛಲೋ ನಡದಿತ್ತಲ್ಲ?" ಕಿಶೋರ ಜೊತೆಗಾತಿ ಅಲ್ಮಾಸಳ ಮುಖ ನೋಡಿದ. ಇಬ್ಬರೂ ಕೂಡಿ ಕಟ್ಟಿದ ಯಂತ್ರ ಅದು.

ಮೋಟರು ಕಾಯುವ ಮುರಿಗೆಪ್ಪ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದ. ಹುಕ್ಕೇರಿಯಲ್ಲಿ ಇವತ್ತು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. "ತಂಗಿ, ಇದು ಚಾಲೂ ಆದ್ರ ನಾ ಬಸ್ ಹಿಡೀತೇನಿ. ನೀರಿನ ಪಾಳಿ ಐತಿ, ಮೋಟರ್ ಬಂದ್ ಇಡಾಕ ಬರೂದಿಲ್ಲ."

ಅಲ್ಮಾಸ ಪರದೆ ಓದಿದಳು. "ಮೆಮರಿ ಪುಟ ಪುಟ ಮಾಡಿ ಹಂಚತೈತಲ್ಲ, ವಿಳಾಸ ಆ ಪುಟದ ಅಂಚಿಗೆ ಕೂಡವಲ್ದಂತ. ಮೆಮರಿ ಪುಟ ದೊಡ್ಡದು ಮಾಡೀಯೇನು?"

"ಹೂಂ, ಜೋರ್ ನಡೀಲಿ ಅಂತ. ನಾಕು ಕೆಬಿ ಇದ್ದದ್ದು ಅರವತ್ನಾಕು ಮಾಡೇನಿ."

"ಅದಕ್ಕ! 'ತುರ್ತು ಐತಿ' ಅಂತ ಎಚ್ಚರಿಸೋ ಇಂಟರಪ್ಟ್ ಕಂಟ್ರೋಲರಿನ ಒಂದು ಸಣ್ಣ ತುಣುಕು ಎರಡನೇದಕ್ಕ ಕೊಡಬೇಕು. ಕೊಡೂದು ಪುಟದ ಲೆಕ್ಕದಾಗ. ಪುಟ ದೊಡ್ಡದಾದ್ರ ಬಾಜೂಕಿದ್ದದ್ದೂ ಕೂಡಿ ಹೋಗತೈತಿ, ಮೊದಲನೇದರ ಎಚ್ಚರಿಕಿನೂ. ಅದಕ್ಕ ಕೊಡಂಗಿಲ್ಲ ಅನ್ನಾಕತ್ತೈತಿ."

ಕಿಶೋರ ಹಾಗೆ ತಡೆಯುವ ಪ್ರೋಗ್ರಾಮಿನ ಸಾಲನ್ನೇ ತೆಗೆದುಹಾಕಿ ಮತ್ತೆ ಚಾಲೂ ಮಾಡಿದ. ಎರಡನೆಯದು ಎದ್ದಿತು. ಮುರಿಗೆಪ್ಪನ ಮೊಬೈಲಿಗೆ 'ನೀರು ಚಾಲೂ' ಎಂದು ಬಂತು. ಅವನು ಚಪ್ಪಲಿ ಮೆಟ್ಟಿದ.

"ತಡೀರಿ ಕಾಕಾ." ಅಲ್ಮಾಸ ಮೋಟರಿನ ಕಾವು ಅಳೆಯುವ ಸೆನ್ಸರನ್ನು ಬಿಸಿ ಚಹಾದ ಕಿಟ್ಲಿಗೆ ಒತ್ತಿ ಹಿಡಿದಳು. ಮೋಟರು ನಿಂತಿತು. ಮತ್ತೆ ಚಾಲೂ ಮಾಡಿ ಒತ್ತಿದಳು; ಈ ಸಲ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದಾಗ ನಿಂತಿತು.

"ಸೆನ್ಸರ್ ಲೂಸ್ ಇರಬೇಕು," ಎಂದ ಕಿಶೋರ.

"ಇರಬಹುದು. ಇಲ್ಲಾ, ಎರಡನೇದು ತನ್ನದು ಅಂತ ತಿಳಕೊಂಡು ಬಾಜೂದಕ್ಕ ಕೈ ಹಚ್ಚಾಕತ್ತಿರಬೇಕು. ನನಗ ಒಂದೂ ತಿಳೀವಲ್ದು."

ಮುರಿಗೆಪ್ಪ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದ. "ಖರೆ ಹೇಳ್ರಿ. ನಾ ಹೋಗಲ್ಯೋ, ಬ್ಯಾಡೋ?"

ಅಲ್ಮಾಸ ಬೋರ್ಡಿನ ತಂತಿ ಕಿತ್ತಳು. "ಹೋಗ್ರಿ ಕಾಕಾ. ನಾವ ಕಾಯ್ತೇವಿ."

ಸಣ್ಣ ಪುಟದಲ್ಲಿ ಎಲ್ಲವನ್ನೂ ಮತ್ತೆ ಕಟ್ಟಲು ಸಂಜೆಯಾದೀತು. ಕಿಶೋರ ಲ್ಯಾಪ್‌ಟಾಪ್ ತೆರೆದು ನೆಲದ ಮೇಲೆ ಕೂತ. ಬೋರ್ಡಿಲ್ಲದೆ ನೇರ ಸ್ವಿಚ್ಚಿನಿಂದ ಹಾಕಿದ ಮೋಟರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮುರಿಗೆಪ್ಪನ ಬಸ್ಸು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಅಲ್ಮಾಸ ಮೋಟರಿನ ಮೈಗೆ ಅಂಗೈ ಇಟ್ಟು ಥಟ್ಟನೆ ತೆಗೆದಳು. ಕಿಶೋರನೂ ಎದ್ದು ಬಂದು ಇಟ್ಟು ನೋಡಿದ.

"ದಿನಾ ಇಷ್ಟ ಬಿಸಿ ಇರತೈತೇನು?"

ಯಂತ್ರ ಕಟ್ಟಿದ ಇಷ್ಟು ದಿನದಲ್ಲಿ ಇಬ್ಬರೂ ಒಮ್ಮೆಯೂ ಮೋಟರನ್ನು ಮುಟ್ಟಿರಲಿಲ್ಲ; ಅದರ ದಿನದ ಬಿಸಿ ಗೊತ್ತಿದ್ದವನು ಮುರಿಗೆಪ್ಪ.