ನರ್ಸಮ್ಮನ ಒಡಪು

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಕಳಕಮ್ಮ ಹಿಂದಕ್ಕೆ ತೆಗೆಯಬೇಕಾಯಿತು. ಮನೆಯ ಹಿರಿಯಳು ಯಮನೂರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗೆ ಸೊಸೆ ನಿನ್ನೆಯಿಂದ ಬೇನೆ ತಿನ್ನುತ್ತಿದ್ದಳು. ಹಿಟ್ನಾಳದ ಸೂಲಗಿತ್ತಿ ಕೈಚೆಲ್ಲಿದ ಮೇಲೆ ಮಗನೇ ಬಂಡಿ ಕಟ್ಟಿಕೊಂಡು ಹೋಗಿ ಕೊಪ್ಪಳದ ದವಾಖಾನೆಯಿಂದ ಈ ನರ್ಸನ್ನು ಕರೆತಂದಿದ್ದ. ಮುದುಕಿಗೆ ನರ್ಸು ಕಾಣಲಿಲ್ಲ. ಬಿಳಿ ಸೀರೆ, ಬೋಳು ಕೈ, ಬರಿ ಹಣೆ ಇಷ್ಟೇ ಕಂಡವು.

ಇದು ದವಾಖಾನೆಯ ಉಡುಪು, ಅಲ್ಲಿ ಗಂಡ ಮಕ್ಕಳಿದ್ದವರೂ ಇದನ್ನೇ ಉಡುತ್ತಾರೆ, ಕೈ ಸ್ವಚ್ಛ ಇರಲೆಂದು ಬಳೆ ತೆಗೆದಿಡುತ್ತಾರೆ ಎಂದು ಕಳಕಮ್ಮ ತಿಳಿಸಿ ಹೇಳಿದಳು. ಮಗ ಅಂಗಲಾಚಿದ. ಮುದುಕಿ ಜಗ್ಗಲಿಲ್ಲ. ಚೊಚ್ಚಲ ಕೂಸು, ಕಣ್ಣು ಬಿಟ್ಟ ಕೂಡಲೇ ಬಿಳಿ ಸೀರೆ ಕಂಡರೆ ಅದರ ಗತಿ ಏನು ಎಂಬುದೊಂದೇ ಅವಳ ಮಾತು. ಅಷ್ಟರಲ್ಲಿ ಒಳಗಿನ ನರಳಿಕೆ ಸಣ್ಣಗಾಗತೊಡಗಿತು. ನರಳುವ ಶಕ್ತಿಯೂ ಹೋಗುತ್ತಿದೆ ಎಂದು ಕಳಕಮ್ಮನಿಗೆ ತಿಳಿಯಿತು.

"ಒಂದ ಮಾತು ಹೇಳವ್ವಾ," ಎಂದಳು ಯಮನೂರಮ್ಮ. "ನಿನ್ನ ಗಂಡ ಅದಾನೋ ಇಲ್ಲೋ?"

ಗಂಡ ದೊಡ್ಡಬಸಪ್ಪನನ್ನು ಪ್ಲೇಗು ಎಂದೋ ನುಂಗಿತ್ತು. ಕಳಕಮ್ಮ ಈ ಕೆಲಸ ಹಿಡಿದದ್ದೇ ಈ ಸೀರೆಗಾಗಿ ಎಂದರೂ ಸುಳ್ಳಲ್ಲ. ಓಣಿಯೆಲ್ಲ ಬಣ್ಣ ಉಟ್ಟಿರುವಾಗ ಒಬ್ಬಳೇ ಬಿಳಿ ಉಟ್ಟು ತಿರುಗುವ ಸಂಕಟ ಉಟ್ಟವಳಿಗೇ ಗೊತ್ತು. ದವಾಖಾನೆಯಲ್ಲಿ ಎಲ್ಲರದೂ ಬಿಳಿಯೇ, ಯಾರು ಮುತ್ತೈದೆ ಯಾರು ಅಲ್ಲ ಎಂದು ಕೇಳುವವರಿರಲಿಲ್ಲ. ಈಗ ಕೇಳುವವರು ಸಿಕ್ಕರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಒಂದು ಸುಳ್ಳಿಗೆ ಎರಡು ಜೀವ ಉಳಿಯುವುದಾದರೆ ಯಾವ ದೇವರು ಸಿಟ್ಟಾದಾನು?

"ಅದಾರ್ರಿ," ಎಂದಳು.

ಅಷ್ಟು ಸಾಕಾಯಿತು. ಮುದುಕಿಯ ಮುಖವೇ ಬೇರೆಯಾಯಿತು. ಪೆಟ್ಟಿಗೆಯಿಂದ ಹಸಿರು ಇಳಕಲ್ಲ ಸೀರೆ ಬಂತು, ಹಣೆಗೆ ಕುಂಕುಮ ಬಂತು. ಬಳೆ ಮಾತ್ರ ಹೆರಿಗೆಯಾದ ಮೇಲೆ ಎಂದು ಹೇಳಿ, ಸೀರೆ ಸುತ್ತಿಕೊಂಡು ಕಳಕಮ್ಮ ಒಳಗೋಡಿದಳು. ಆಮೇಲಿನದು ಅವಳಿಗೆ ಗೊತ್ತಿದ್ದ ಕೆಲಸ. ಕೂಸು ಅಡ್ಡ ತಿರುಗಿತ್ತು. ಹೊತ್ತು ನೆತ್ತಿಗೇರುವಾಗ ಗಂಡು ಕೂಸು ಅತ್ತಿತು, ತಾಯಿಯೂ ಉಳಿದಳು.

ಇಂಥ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೆ? ನೆರೆಮನೆಯ ಹೆಂಗಸರು ಸೇರಿದರು. ಮಣೆಯ ಮೇಲೆ ಕೂರಿಸಿ ಬಳೆ ಇಟ್ಟರು. ಅಕ್ಕಿ, ಕೊಬ್ಬರಿ, ಉತ್ತತ್ತಿ ಸೆರಗಿಗೆ ಹಾಕುತ್ತ, ಒಡಪು ಕಟ್ಟಿ ಗಂಡನ ಹೆಸರು ಹೇಳದೆ ಏಳುವಂತಿಲ್ಲ ಎಂದು ಕಾಡಿದರು. ಅವಳು ಹಿಂಜರಿದಷ್ಟೂ ನಾಚಿಕೆಯೆಂದು ತಿಳಿದು ನಕ್ಕರು. ಅವನು ಹೋದಂದಿನಿಂದ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಗಂಡ ಸತ್ತವಳಿಂದ ಒಡಪು ಕೇಳುವವರು ಯಾರು? ಮದುವೆಯಲ್ಲಿ ಹೇಳಿದ್ದೇ ನೆನಪಾಯಿತು.

"ತಾವರಗೇರಿ ಸಂತ್ಯಾಗ ಹಸರ ಬಳಿ ಇಟ್ಟಾರ, ದೊಡ್ಡಬಸಪ್ಪನವರು ನನಗ ಕುಂಕಮ ಭಾಗ್ಯ ಕೊಟ್ಟಾರ."

ಹೆಸರು ಬಾಯಿಂದ ಹೊರಬಿದ್ದದ್ದೇ ತಡ, ಕಣ್ಣು ತುಂಬಿ ಹರಿದವು. ತಡೆಯಬೇಕೆಂದರೂ ತಡೆಯಲಾಗಲಿಲ್ಲ. ಹೆಂಗಸರ ನಗು ನಿಂತಿತು. ಯಮನೂರಮ್ಮ ಹತ್ತಿರ ಬಂದು, ಹೆತ್ತ ಮಗಳೆಂಬಂತೆ ಗದ್ದ ಹಿಡಿದೆತ್ತಿ, ಮೆಲ್ಲಗೆ ಗದರಿದಳು:

"ಉಡಿ ತುಂಬೂ ಮುಂದ ಮುತ್ತೈದಿ ಕಣ್ಣೀರು ತಗೀಬಾರದವ್ವಾ. ಗಂಡನ ಆಯುಷ್ಯ ಕಡಿಮಿ ಆಗತೈತಿ."

ಕಳಕಮ್ಮ ಗಡಬಡಿಸಿ ಕಣ್ಣೊರೆಸಿಕೊಂಡಳು.