ಒಬ್ಬನೇ ಮುತ್ತಜ್ಜ

ಸಂತನ ಮೂಳೆಯಿದ್ದ ಬೆಳ್ಳಿಪೆಟ್ಟಿಗೆಯ ಮೇಲೆ ಕೈಯಿಟ್ಟು, ಬಿಷಪ್ಪರ ಎದುರು ಮುದುಕ ಫುಲ್ಕ್ ಆಣೆ ಮಾಡಿದ: ಕೋಟೆಯ ಒಡೆಯ ಗೊಬೆರ್ ಮತ್ತು ಅವನ ಹೆಂಡತಿ ಎರ್ಮೆಸಾಂದ್ ಒಬ್ಬನೇ ಮುತ್ತಜ್ಜನ ಮರಿಮಕ್ಕಳು. ರಕ್ತಸಂಬಂಧಿಗಳು. ಆದ್ದರಿಂದ ಚರ್ಚಿನ ಕಟ್ಟಳೆಯಂತೆ ಅವರ ಮದುವೆ ಮದುವೆಯೇ ಅಲ್ಲ.

ಈ ನಂಟು ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರನೆಯ ಮಗುವೂ ಹೆಣ್ಣಾಗಿ, ಪಕ್ಕದ ಸೀಮೆಯ ಒಡೆಯನ ಮಗಳು ಗೊಬೆರನ ಕಣ್ಣಿಗೆ ಬಿದ್ದ ಮೇಲೆ ಇದೂ ಬಿತ್ತು. ಫುಲ್ಕನ ಮನೆಗೆ ಒಂದು ಪೀಪಾಯಿ ದ್ರಾಕ್ಷಾರಸ ಉರುಳಿಕೊಂಡು ಹೋದದ್ದನ್ನು ಊರೇ ನೋಡಿತ್ತು.

ಎರ್ಮೆಸಾಂದಳನ್ನು ಸನ್ಯಾಸಿನಿಯರ ಮಠಕ್ಕೆ ಅಟ್ಟಿದರೆ ಹೆಣ್ಣುಮಕ್ಕಳು ಬೀದಿಪಾಲು. ಅವಳು ರಂಪ ಮಾಡಿದರೆ ಎಳೆದೊಯ್ಯಲೆಂದು ಗೊಬೆರ್ ಬಾಗಿಲಲ್ಲಿ ಆಳುಗಳನ್ನೂ ನಿಲ್ಲಿಸಿದ್ದ. ಅವಳು ಅಳಲಿಲ್ಲ.

"ಮದುವೇನೇ ಆಗಿಲ್ಲ ಅಂದ್ಮೇಲೆ, ಮದುವೇಲಿ ನಮ್ಮಪ್ಪ ಕೊಟ್ಟಿದ್ದೂ ನಂಗೇ ವಾಪಸ್ ಬರ್ಬೇಕಲ್ವಾ ಗುರುಗಳೇ?" ಎಂದಳು.

ಬಿಷಪ್ಪರು ತಲೆಯಾಡಿಸಿದರು. ಅದೇ ನ್ಯಾಯ ಎಂದರು.

ಅಪ್ಪ ಕೊಟ್ಟದ್ದು ನದಿದಂಡೆಯ ಗಿರಣಿ, ದ್ರಾಕ್ಷಿತೋಟಗಳು ಮತ್ತು ಅವರೆಲ್ಲ ಈಗ ನಿಂತಿದ್ದ ಈ ಕೋಟೆ. ಗೊಬೆರನಿಗೆ ತನ್ನ ತಂದೆಯಿಂದ ಬಂದದ್ದು ಜೌಗುನೆಲದಲ್ಲೊಂದು ವಾಲಿದ ಗೋಪುರ ಮತ್ತು ಮಾರುದ್ದದ ಮನೆತನದ ಹೆಸರು. ಹೆಂಡತಿಯ ಆಸ್ತಿಯನ್ನು ಅನುಭವಿಸಿ ಅನುಭವಿಸಿ, ಅದು ತನ್ನದೇ ಎಂದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಅವನು ಫುಲ್ಕನತ್ತ ಕಣ್ಣು ಬಿಟ್ಟ.

"ವಯಸ್ಸಾಯ್ತು ನೋಡಿ," ಫುಲ್ಕ್ ತೊದಲಿದ. "ಆ ಮುತ್ತಜ್ಜ ಬೇರೆ ಯಾರೋ ಇರ್ಬೋದು."

"ಸಂತನ ಮೇಲೆ ಸುಳ್ಳಾಣೆ ಮಾಡಿದ್ಯಾ?" ಬಿಷಪ್ಪರು ಮೆಲ್ಲಗೆ ಕೇಳಿದರು. ಅಂಥ ಕೈಯನ್ನು ಈ ಸೀಮೆಯಲ್ಲಿ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಫುಲ್ಕ್ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ. "ಇಲ್ಲ ಇಲ್ಲ, ಅದೇ ಮುತ್ತಜ್ಜ. ನೋಡಿ, ಇಬ್ರಿಗೂ ಅದೇ ಮೂಗು."

ಮದುವೆ ಮುರಿಯಿತು. ಬಿಷಪ್ಪರು ಹೊರಟದ್ದೇ ಗೊಬೆರ್ ಬೆಣ್ಣೆಯಂತಾದ. ಎರ್ಮೆಸಾಂದಳ ಹತ್ತಿರ ಬಂದು, ನಾವು ಗಂಡಹೆಂಡಿರು, ಒಳಗೆ ಕೂತು ಮಾತಾಡೋಣ ಎಂದ.

"ಛೇ, ಎಂಥಾ ಮಾತಾಡ್ತೀಯ ಅಣ್ಣ," ಎಂದಳು ಅವಳು. "ಊಟ ಮಾಡ್ಕೊಂಡು ಬೇಗ ಹೊರಡು. ಕತ್ತಲಾದ್ರೆ ಜೌಗಲ್ಲಿ ದಾರಿ ಕಾಣಲ್ಲ."

ಅವನೇ ನಿಲ್ಲಿಸಿದ್ದ ಆಳುಗಳು ಬಾಗಿಲು ತೆರೆದು, ಅವನ ಕುದುರೆಯನ್ನು ಹಿಡಿದು ನಿಂತಿದ್ದರು.